ಬಣ್ಣಕ್ಕೆ ಮುಂಚೆ

ನೋಡಮ್ಮ, ಬಣ್ಣದ ಪೆಟ್ಟಿಗೆ ಕೊಳ್ಳಬೇಕೆಂಬ ನಿನ್ನ ಆಸೆಗೆ ನಾನು ಅಡ್ಡ ಬರುವುದಿಲ್ಲ. ಅದಕ್ಕೆ ಮುಂಚೆ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್‌ನ ಪೆನ್ಸಿಲ್ ಚಿತ್ರಗಳನ್ನು ನಿಧಾನವಾಗಿ ನೋಡು.

ಆತ ಇಂಗ್ಲೆಂಡಿನ ಸಫೊಕ್ ಸೀಮೆಯವನು, ಗಿರಣಿ ಮಾಲೀಕನ ಮಗ. 1813 ಮತ್ತು 1814ರಲ್ಲಿ ಅಂಗೈಯಗಲದ ಪುಸ್ತಕಗಳನ್ನು ಜೇಬಿನಲ್ಲಿಟ್ಟುಕೊಂಡು ತನ್ನೂರಿನ ಸುತ್ತಮುತ್ತಲ ಹೊಲ, ಹೊಳೆದಂಡೆ ಅಲೆದು ಚಿತ್ರ ಬರೆದ. ಆ ಪುಸ್ತಕಗಳು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. 1813ರ ಪುಸ್ತಕದ ಪುಟ ಸುಮಾರು 12 ಸೆಂಟಿಮೀಟರ್ ಅಗಲ, 9 ಎತ್ತರ, ಅಷ್ಟೆ. ಅಷ್ಟರಲ್ಲೇ ಉಳುವವರು, ಚರ್ಚಿನ ಗೋಪುರ, ಸ್ಟೌರ್ ನದಿ, ಮರಗಳು ಎಲ್ಲವೂ ಹಿಡಿಸಿವೆ.

1814ರ ಪುಸ್ತಕದಲ್ಲಿ ಫ್ಲಾಟ್‌ಫರ್ಡ್‌ನ ದೋಣಿಕಟ್ಟೆಯ ಚಿತ್ರವೊಂದಿದೆ. ಆ ಜಾಗ ಅವನ ಅಪ್ಪನದೇ. ಅದೇ ನೋಟವನ್ನು ಅವನು ತೈಲವರ್ಣದಲ್ಲಿ ಬರೆದು 1815ರಲ್ಲಿ ರಾಯಲ್ ಅಕಾಡೆಮಿಯ ಪ್ರದರ್ಶನಕ್ಕಿಟ್ಟ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಿನಗೇ ತಿಳಿಯುತ್ತದೆ: ದೋಣಿ ಎಲ್ಲಿ ಕೂರಬೇಕು, ಮರದ ಗುಂಪು ಎಷ್ಟು ಜಾಗ ತಿನ್ನಬೇಕು ಎಂಬುದೆಲ್ಲ ಪೆನ್ಸಿಲ್ಲಿನಲ್ಲೇ ಇತ್ಯರ್ಥವಾಗಿದೆ. ಬಣ್ಣದ ಮೋಹ ಇನ್ನೂ ಹತ್ತಿರ ಸುಳಿಯದಿದ್ದಾಗ ಕಣ್ಣು ಈ ಕೆಲಸ ಮುಗಿಸಿಬಿಡಬೇಕು. ನನಗೆ ಇದಕ್ಕಿಂತ ದೊಡ್ಡ ಪಾಠ ಕಂಡಿಲ್ಲ.

ಪೆನ್ಸಿಲ್ಲಿನಲ್ಲಿ ಬಿಳಿ ಇಲ್ಲ. ಬಿಸಿಲು ಬೇಕಾದರೆ ಕಾಗದವನ್ನು ಮುಟ್ಟದೆ ಬಿಡಬೇಕು. ಹತ್ತಿರದ ಬೇಲಿಗೆ ಒತ್ತಿ ಗೀಚು, ದೂರದ ದಿಣ್ಣೆಗೆ ಕಡ್ಡಿಯನ್ನು ತೇಲಿಸು. ಎಲೆ ಎಣಿಸಹೋಗಬೇಡ; ಮರದ ಒಳಗೆ ನೆರಳು ಎಲ್ಲಿ ಗಟ್ಟಿಯಾಗಿದೆ ಎಂದು ಮೊದಲು ಹುಡುಕು. ರಬ್ಬರನ್ನು ಮನೆಯಲ್ಲೇ ಬಿಟ್ಟುಹೋಗು. ತಪ್ಪಿದ ಗೆರೆಯ ಪಕ್ಕದಲ್ಲಿ ಸರಿಯಾದ ಗೆರೆ ಎಳೆ, ಎರಡೂ ಇರಲಿ.

ಬೆಟ್ಟ, ಜಲಪಾತ, ವಿದೇಶ ಎಂದು ಹಂಬಲಿಸುತ್ತೀಯಲ್ಲ, ಕಾನ್‌ಸ್ಟೆಬಲ್ ಇಂಗ್ಲೆಂಡ್ ಬಿಟ್ಟು ಹೊರಗೆ ಹೋದವನೇ ಅಲ್ಲ. ಅದೇ ಹೊಳೆ, ಅದೇ ಗಿರಣಿಯನ್ನು ಮತ್ತೆಮತ್ತೆ ಬರೆದ. ಆ ಹೊಳೆಯದೇ ನೋಟವಿರುವ 'ದ ಹೇ ವೇನ್' ಎಂಬ ಚಿತ್ರ 1824ರಲ್ಲಿ ಪ್ಯಾರಿಸ್ಸಿನಲ್ಲಿ ಚಿನ್ನದ ಪದಕ ಪಡೆಯಿತು. ನೀನೂ ದಿನಾ ಓಡಾಡುವ ದಾರಿಯಲ್ಲೇ ಒಂದು ಮರ ಗೊತ್ತುಮಾಡಿಕೋ. ಬೆಳಿಗ್ಗೆ ಬರೆ, ಸಂಜೆ ಬರೆ, ಎಲೆ ಉದುರಿದ ಮೇಲೂ ಬರೆ. ಫೋಟೊ ತೆಗೆದುಕೊಂಡು ಬಂದು ಮನೆಯಲ್ಲಿ ಕೂತು ಬರೆಯಬೇಡ, ಅಲ್ಲೇ ನಿಂತು ಬರೆ. ಪುಟದ ಮೂಲೆಯಲ್ಲಿ ತಾರೀಕು ಹಾಕು, ಅವನೂ ಹಾಕುತ್ತಿದ್ದ. ಚೆನ್ನಾಗಿ ಬರಲಿಲ್ಲವೆಂದು ಹಾಳೆ ಹರಿಯಬೇಡ. ಪುಸ್ತಕ ತುಂಬಿದ ಮೇಲೆ ತಂದು ತೋರಿಸು, ಬಣ್ಣದ ಮಾತು ಆಗ ಆಡೋಣ.