ಮೇಳದ ಮಳಿಗೆಗೆ ಹೊರಟವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ವರದಮೂಲ, ಇಕ್ಕೇರಿ, ಹೆಗ್ಗೋಡಿನ ಆಸುಪಾಸಿನಿಂದ, ಹೊಸನಗರ, ರಿಪ್ಪನ್‌ಪೇಟೆ ಕಡೆಯಿಂದ, ತೀರ್ಥಹಳ್ಳಿ ಸೀಮೆಯಿಂದ ಮೇಳಗಳಲ್ಲಿ ಮಳಿಗೆ ಹಾಕಲು ಹೊರಡುವ ಎಲ್ಲರಿಗೆ. ಮಿಡಿ ಉಪ್ಪಿನಕಾಯಿಯವರು, ಹಪ್ಪಳ ಮಾಡುವ ಸ್ವಸಹಾಯ ಗುಂಪುಗಳು, ಹಾಳೆತಟ್ಟೆಯವರು, ಜೇನಿನವರು, ಚಿತ್ತಾರ ಬರೆಯುವ ಹೆಂಗಸರು, ಕೆತ್ತನೆಯ ಗುಡಿಗಾರರು ಎಲ್ಲರೂ ಓದಬೇಕು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಒಂಬತ್ತು ದಿನ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ವರ್ಷವರ್ಷವೂ ಇದೆ. ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳ ಸಾಮಾನ್ಯವಾಗಿ ನವೆಂಬರಿನಲ್ಲಿ. ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ವಿಶ್ವವಿದ್ಯಾಲಯದವರೂ ಮೇಳ ನಡೆಸುತ್ತಾರೆ. ಎಲ್ಲಿಗೇ ಹೋಗಿ, ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ಜನ ನಿಲ್ಲುವುದು ಅಲಂಕಾರ ನೋಡಿ ಅಲ್ಲ, ಕಣ್ಣೆದುರು ಒಬ್ಬರ ಕೈ ಕೆಲಸ ಮಾಡುತ್ತಿರುವುದನ್ನು ನೋಡಿ. ದೊಡ್ಡ ಕಂಪನಿಗಳ ಮಳಿಗೆಯಲ್ಲಿ ದೀಪ, ಪರದೆ, ಟಿವಿ ಎಲ್ಲ ಇರುತ್ತದೆ; ಕೈ ಮಾತ್ರ ಇರುವುದಿಲ್ಲ. ನಿಮ್ಮ ಹತ್ತಿರ ಇರುವುದೇ ಅದು.

ಹೊರಡುವ ಮೊದಲು ಮಾಡಬೇಕಾದ್ದು

ಲೆಕ್ಕ ಬರೆದುಕೊಂಡೇ ಹೊರಡಿ. ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ 10,000 ರೂಪಾಯಿ ಉಳಿದಿದೆ ಎಂದಿಟ್ಟುಕೊಳ್ಳಿ. ಅಲಂಕಾರಕ್ಕೆ 1,000 ಮೀರಬಾರದು. ಪ್ರಯಾಣ, ಊಟ, ವಸತಿಗೆ 4,000. ರುಚಿ ನೋಡಲು ಕೊಡುವ ಪದಾರ್ಥಕ್ಕೆ 3,000 ತೆಗೆದಿಡಿ; ಇದರಲ್ಲಿ ಜಿಪುಣತನ ಬೇಡ. ಚೀಟಿ, ಪುಸ್ತಕ, ಪೆನ್ನಿಗೆ 500 ಸಾಕು. ಉಳಿದ 1,500 ಮುಟ್ಟಬೇಡಿ, ಅದು ಮೇಳ ಮುಗಿದ ಮೇಲಿನ ಫೋನು, ಅಂಚೆ ಖರ್ಚಿಗೆ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಬಣ್ಣದ ಬಟ್ಟೆಗೆ, ಬೋರ್ಡಿಗೆ ದುಡ್ಡು ಸುರಿದು, ರುಚಿಗೆ ಕೊಡುವಾಗ ಕೈ ಹಿಡಿಯುತ್ತಾರೆ. ಮಳಿಗೆ ಖಾಲಿ ಹೊಡೆಯುವುದು ಅಲ್ಲಿಂದಲೇ ಶುರು.

ಸ್ತ್ರೀಶಕ್ತಿ, ಸಂಜೀವಿನಿ ಗುಂಪುಗಳಿಗೆ ರಿಯಾಯಿತಿ ಮಳಿಗೆ ಉಂಟೇ ಎಂದು ಮೊದಲೇ ಕೇಳಿ. ಸಾಲಿನ ತುದಿಯ ಮಳಿಗೆ ಸಿಗುವುದಾದರೆ ಅದನ್ನೇ ಹಿಡಿಯಿರಿ, ಎರಡು ಕಡೆಯಿಂದ ಜನ ಕಾಣುತ್ತಾರೆ. ಒಲೆ ಹಚ್ಚುವವರು ಮೇಳದವರಿಂದ ಬರವಣಿಗೆಯಲ್ಲಿ ಅನುಮತಿ ಪಡೆಯದೆ ಮಡಕೆ, ಸಿಲಿಂಡರ್ ಕಟ್ಟಬಾರದು.

ಕಾಗದಪತ್ರ ಸರಿಯಿರಬೇಕು. ತಿನ್ನುವ ಪದಾರ್ಥ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ. ಆ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಲಿ. ಜೊತೆಗೆ ಏನೇನು ಹಾಕಿದ್ದು, ತೂಕ ಎಷ್ಟು, ಯಾವತ್ತು ಮಾಡಿದ್ದು, ಎಷ್ಟು ದಿನ ಬರುತ್ತದೆ, ಬೆಲೆ, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು. ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಹಾಕಿಸಿಕೊಳ್ಳಿ. ಶ್ರೀಗಂಧದ ಕೆತ್ತನೆ ಒಯ್ಯುವವರು ಮರ ಎಲ್ಲಿಂದ ಬಂತು ಎಂಬ ರಸೀದಿ ಇಲ್ಲದೆ ಮನೆ ಬಿಡಬಾರದು.

ಸರಕು ಕಡಿಮೆ ಒಯ್ಯಿರಿ, ಮಾದರಿ ಹೆಚ್ಚು ಒಯ್ಯಿರಿ. ಜರ್ಮನಿಯ ಲೈಪ್‌ಜಿಗ್ ಊರಿನ ಹಳೆಯ ಸಂತೆ 1895ರಲ್ಲಿ ಇದೇ ದಾರಿ ಹಿಡಿಯಿತು. ಗಾಡಿಗಟ್ಟಲೆ ಸರಕು ತರುವುದನ್ನು ಬಿಟ್ಟು, ಮಾದರಿ ತೋರಿಸಿ ಆರ್ಡರ್ ಪಡೆಯುವ ಮೇಳವಾಯಿತು. ಇಂದಿನ ವ್ಯಾಪಾರ ಮೇಳಗಳಿಗೆಲ್ಲ ಅದೇ ದಾರಿ. ಹಪ್ಪಳದ ದೊಡ್ಡ ಮೂಟೆ ಕಟ್ಟಿ, ಅದಕ್ಕೊಂದು ಗಾಡಿ ಬಾಡಿಗೆಗೆ ಹಿಡಿದು ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ. ಎರಡು ಚೀಲ ಹಿಡಿದು ಸಾಗರ ಜಂಬಗಾರು ನಿಲ್ದಾಣದಲ್ಲಿ ತಾಳಗುಪ್ಪದಿಂದ ಬರುವ ರೈಲು ಹತ್ತಿದರೆ ಆಯಿತು. ಗಾಜಿನ ಬಾಟಲಿಗಳ ನಡುವೆ ಒಣ ಹುಲ್ಲು ತುರುಕಿ. ಮುಚ್ಚಳಕ್ಕೆ ಬಟ್ಟೆ ಬಿಗಿದು ಕಟ್ಟಿ. ಉಪ್ಪಿನಕಾಯಿ ರಸ ಸೋರಿದರೆ ಪಕ್ಕದವರ ಚೀಲವೂ ಹಾಳು.

ಮಳಿಗೆಯಲ್ಲಿ ಮಾಡಬೇಕಾದ್ದು

ಒಂದೇ ಪದಾರ್ಥವನ್ನು ಮುಂದಿಡಿ. ಹದಿನೈದು ಬಗೆ ಮಾಡುತ್ತೀರಿ, ನಿಜ. ಹದಿನೈದನ್ನೂ ಮೇಜಿನ ಮೇಲೆ ಹರಡಿದರೆ ನಡೆದು ಹೋಗುವವರ ಕಣ್ಣಿಗೆ ಯಾವುದೂ ನಿಲ್ಲುವುದಿಲ್ಲ. ನಿಮ್ಮ ಊರಿನ ಹೊರತು ಬೇರೆಲ್ಲೂ ಸುಲಭಕ್ಕೆ ಸಿಗದ ಒಂದನ್ನು ಮುಂದೆ ಇಟ್ಟು, ಉಳಿದದ್ದನ್ನು ಹಿಂದಿನ ಸಾಲಿಗೆ ಹಾಕಿ.

ಆ ಒಂದನ್ನು ಅಲ್ಲೇ ಮಾಡಿ ತೋರಿಸಿ. ತೊಡೆದೇವು ಬಲ್ಲವರು ನಿಮ್ಮ ಗುಂಪಿನಲ್ಲಿದ್ದರೆ ಬೇರೆ ಯಾವ ಪ್ರಚಾರವೂ ಬೇಡ. ಒಲೆಯ ಮೇಲೆ ಬೋರಲು ಹಾಕಿದ ಮಡಕೆ, ಪಕ್ಕದಲ್ಲಿ ಕಬ್ಬಿನ ಹಾಲಿಗೆ ಅಕ್ಕಿಹಿಟ್ಟು ಕಲಸಿದ ನೀರುಹಿಟ್ಟು. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದ್ದಿ ಮಡಕೆಯ ಮೈಗೆ ಒಂದೇ ಬೀಸಿನಲ್ಲಿ ತೊಡೆಯಬೇಕು. ಚುಂಯ್ ಎಂದು ಸದ್ದಾಗಿ, ಬೆಲ್ಲ ಕಾದ ವಾಸನೆ ಎದ್ದು, ಅಂಚು ತಾನಾಗಿ ಏಳುತ್ತದೆ. ಕಾಗದದಷ್ಟು ತೆಳುವಾದ ಆ ಪದರವನ್ನು ಹರಿಯದಂತೆ ಬಿಡಿಸಿ, ಬಿಸಿ ಇರುವಾಗಲೇ ಮಡಿಸಬೇಕು. ತಡವಾದರೆ ಗರಿಯಾಗಿ ಮುರಿಯುತ್ತದೆ. ಒಬ್ಬರು ನಿಂತು ನೋಡಿದರೆ ಅವರ ಹಿಂದೆ ಐವರು ನಿಲ್ಲುತ್ತಾರೆ. ನಿಂತವರ ಕೈಗೆ ಬಿಸಿ ತುಂಡು ಕೊಡಿ. ಗಡಿಬಿಡಿಯಲ್ಲಿ ಮಾಡಬೇಡಿ, ನಿಧಾನವಾಗಿ ಮಾಡಿದಷ್ಟೂ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಒಲೆಗೆ ಅನುಮತಿ ಸಿಗದಿದ್ದರೂ ದಾರಿಯಿದೆ. ಅಪ್ಪೆಮಿಡಿಯವರು ಉಪ್ಪಿನಲ್ಲಿಟ್ಟ ಮಿಡಿಯಿಂದ ಅಪ್ಪೆಹುಳಿ ಮಾಡಿ ಸಣ್ಣ ಲೋಟದಲ್ಲಿ ಕೊಡಿ. ಬಿಸಿಲಲ್ಲಿ ಸುತ್ತಿ ಬಂದವರಿಗೆ ಅದಕ್ಕಿಂತ ದೊಡ್ಡ ಉಪಚಾರ ಇಲ್ಲ. ಉಪ್ಪಿನಕಾಯಿಯನ್ನು ಬರಿಗೈಯಲ್ಲಿ ನೆಕ್ಕಲು ಕೊಡುವುದು ಸರಿಯಲ್ಲ. ಬಾಳೆಲೆಯ ತುಂಡಿನ ಮೇಲೆ ಒಂದು ತುತ್ತು ಮಜ್ಜಿಗೆ ಅನ್ನ, ಅದರ ಮೇಲೆ ಅರ್ಧ ಮಿಡಿ. ಹಾಗೆ ತಿಂದವರು ಬಾಟಲಿ ಕೇಳುತ್ತಾರೆ. ಮಾರ್ಚ್, ಏಪ್ರಿಲ್‌ನ ಮೇಳವಾದರೆ ರಿಪ್ಪನ್‌ಪೇಟೆಯಿಂದ ಹಸಿ ಮಿಡಿ ತನ್ನಿ. ತೊಟ್ಟು ಮುರಿದು ಸೊನೆಯ ವಾಸನೆ ತೋರಿಸಿ. ಇದು ಜೀರಿಗೆ ಪರಿಮಳ, ಇದು ಕರ್ಪೂರದ್ದು ಎಂದು ಮೂಗಿಗೇ ಹಿಡಿಯಿರಿ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ ಎಂಬ ಮಾತನ್ನು ಆಮೇಲೆ ಹೇಳಿ. ಮೊದಲು ಮೂಗು ಒಪ್ಪಲಿ.

ನೇಯ್ಗೆ, ಬಣ್ಣದವರು ಹೆಗ್ಗೋಡಿನ ಚರಕ ಸಂಸ್ಥೆಯಿಂದ ಕಲಿಯಬೇಕು. ಅಡಿಕೆ ಬೇಯಿಸಿದ ಚೊಗರಿನಿಂದ ಬಟ್ಟೆಗೆ ಬಣ್ಣ ಬರುತ್ತದೆ ಎಂದರೆ ಪೇಟೆಯವರು ನಂಬುವುದು ಕಷ್ಟ. ಒಂದು ಬಟ್ಟಲು ಚೊಗರು, ಒಂದು ಬಿಳಿ ನೂಲಿನ ಲಡಿ ಇಟ್ಟು ಅವರ ಕೈಯಲ್ಲೇ ಅದ್ದಿಸಿ.

ಇನ್ನು ಹಸೆ ಚಿತ್ತಾರ. ಇದನ್ನು ಒತ್ತಿ ಹೇಳಬೇಕಾಗಿದೆ. ದೀವರ ಹೆಂಗಸರು ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಬರೆಯುವ ಈ ಗೆರೆಗಳನ್ನು ಫೋನಿನಲ್ಲಿ ಹಿಡಿದು, ಪ್ರಿಂಟ್ ಹಾಕಿಸಿ, ಮಳಿಗೆಗೆ ಕಟ್ಟುವುದು ಅನ್ಯಾಯ. ಚಿತ್ತಾರ ಬೇಕಾದರೆ ಬರೆಯುವ ಅಕ್ಕನನ್ನೇ ಕರೆದುಕೊಂಡು ಹೋಗಿ. ಅವರ ದಿನಗೂಲಿ, ಊಟ, ಬಸ್ ಚಾರ್ಜು ಕೊಡಿ. ಅವರು ಮಳಿಗೆಯ ಮುಂದೆ ಕುಳಿತು ಒಂದು ಬೂಮಣ್ಣಿ ಬುಟ್ಟಿಗೆ ಗೆರೆ ಎಳೆಯಲಿ. ನಿಮ್ಮ ಜೇನೋ ಹಪ್ಪಳವೋ ಮಾರಾಟವಾಗುವುದು ಆ ಗೆರೆಯ ಪಕ್ಕದಲ್ಲೇ. ಅವರ ಬುಟ್ಟಿ ಮಾರಾಟವಾದರೆ ಆ ದುಡ್ಡು ಪೂರ್ತಿ ಅವರಿಗೇ ಹೋಗಬೇಕು.

ಎದ್ದು ನಿಲ್ಲಿ, ಮೇಜಿನ ಪಕ್ಕಕ್ಕೆ ಬನ್ನಿ. ಬಂದವರನ್ನು "ಏನು ಬೇಕು?" ಎಂದು ಕೇಳಬೇಡಿ. "ಸುಮ್ನೆ ನೋಡ್ತಿದೀವಿ" ಎಂದು ಮುಂದೆ ಹೋಗುತ್ತಾರೆ. ನಮ್ಮ ಕಡೆ ಮನೆಗೆ ಬಂದವರನ್ನು ಕೇಳುವ ಹಾಗೆಯೇ ಕೇಳಿ: "ಬನ್ನಿ ಅಕ್ಕಾ, ಯಾವೂರಾಯ್ತು ನಿಮ್ದು?" ಊರಿನ ಹೆಸರು ಬಂದರೆ ಮಾತು ತಾನಾಗಿ ಬೆಳೆಯುತ್ತದೆ. ಹಾವೇರಿ, ಬನವಾಸಿ ಕಡೆಯವರಾದರೆ ವರದಮೂಲದವರಿಗೆ ಹೇಳಲು ಇನ್ನೊಂದಿದೆ: ಅವರೂರಿನ ಪಕ್ಕ ಹರಿದು ಗಳಗನಾಥದಲ್ಲಿ ತುಂಗಭದ್ರೆ ಸೇರುವ ವರದಾ ನದಿ ಹುಟ್ಟುವುದು ನಿಮ್ಮ ಊರಿನಲ್ಲಿ. ತೀರ್ಥಹಳ್ಳಿಯವರಿಗೆ ಅಂಬುತೀರ್ಥದ ಶರಾವತಿ ಇದ್ದಾಳೆ. ಪೊಟ್ಟಣದ ಮೇಲೂ ಊರಿನ ಹೆಸರು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಇರಲಿ.

ಚಿಲ್ಲರೆ ಕೈಯಲ್ಲಿರಲಿ. ಮೇಳದ ಬಯಲಿನಲ್ಲಿ ನೆಟ್‌ವರ್ಕ್ ಕೈಕೊಡುವುದು ಮಾಮೂಲು.

ಮಾಡಬಾರದ್ದು

ಫ್ಲೆಕ್ಸ್ ಕಟ್ಟಬಾರದು. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿದೆ. ಹಳೆ ಪಂಚೆಯ ಮೇಲೆ ಕೆಮ್ಮಣ್ಣಿನಲ್ಲಿ ಊರಿನ ಹೆಸರು ಬರೆದು ಕಟ್ಟಿ. ಖರ್ಚೂ ಕಡಿಮೆ, ದೂರಕ್ಕೂ ಕಾಣುತ್ತದೆ.

ಮೈಕು ಹಿಡಿದು ಕೂಗಬಾರದು. ಜಾತ್ರೆಯಲ್ಲಿ ಸದ್ದಿಗೇನೂ ಬರವಿಲ್ಲ. ಲಕ್ಕಿ ಡಿಪ್, ಬಹುಮಾನದ ಚೀಟಿ ಇಡಬಾರದು. ಬಹುಮಾನಕ್ಕೆ ಬಂದವರು ಬಹುಮಾನ ನೋಡಿಯೇ ಹೋಗುತ್ತಾರೆ. ಮಳಿಗೆಯೊಳಗೆ ಕುಳಿತು ಫೋನ್ ನೋಡಬಾರದು, ಊಟ ಮಾಡಬಾರದು, ನೆಂಟರನ್ನು ಕೂರಿಸಿಕೊಂಡು ಹರಟಬಾರದು.

ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳಲೇಬಾರದು. ಹಲಸಿನ ಪುಡಿ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ, ಉಪ್ಪಾಗೆಯಿಂದ ಬೊಜ್ಜು ಕರಗುತ್ತದೆ ಎಂಬ ಬೋರ್ಡು ಹಾಕಿದರೆ ಒಂದಷ್ಟು ಜನ ಖಂಡಿತ ನಿಲ್ಲುತ್ತಾರೆ. ಆ ಬೋರ್ಡನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಹೊಣೆ ಯಾರದು? ಇಂಥ ಜಾಹೀರಾತನ್ನು ತಡೆಯಲು 1954ರಿಂದ ಕಾನೂನೇ ಇದೆ. ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಬೊಜ್ಜೂ ಇವೆ. ರುಚಿ ಹೇಳಿ, ಮಾಡುವ ರೀತಿ ಹೇಳಿ. ವೈದ್ಯ ಹೇಳಬೇಡಿ.

ಪ್ರಮಾಣಪತ್ರ ಇಲ್ಲದೆ ಜೈವಿಕ್ ಭಾರತ್ ಗುರುತು ಅಂಟಿಸಬಾರದು. ಹೇಗೆ ಬೆಳೆದಿರಿ ಎಂಬುದನ್ನು ಬಾಯಲ್ಲಿ ಹೇಳಿ, ತೋಟ ನೋಡಲು ಬನ್ನಿ ಎಂದು ಕರೆಯಿರಿ. ಹೊರಗಿನಿಂದ ಕೊಂಡ ಜೇನನ್ನು, ಕಾಳುಮೆಣಸನ್ನು ಮಲೆನಾಡಿನದ್ದು ಎಂದು ಮಾರಬಾರದು. ಒಬ್ಬರು ಹಾಗೆ ಮಾಡಿದರೆ ಮುಂದಿನ ವರ್ಷ ಮೂರು ತಾಲ್ಲೂಕಿನ ಎಲ್ಲರ ಬಾಟಲಿಯನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಹಾಳೆತಟ್ಟೆಯವರು ವಿದೇಶದ ಆರ್ಡರ್ ಆಸೆಗೆ ಬಿದ್ದು ಸುಳ್ಳು ಹೇಳಬಾರದು. ಅಡಿಕೆ ಹಾಳೆಯ ತಟ್ಟೆ, ಲೋಟಗಳನ್ನು ಆಹಾರಕ್ಕೆ ಬಳಸಲು ಒಪ್ಪಿಗೆ ಇಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2025ರಲ್ಲಿ ಹೇಳಿದೆ. ರಫ್ತಿನವರು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಇಲ್ಲಿನ ಮದುವೆ, ಉಪನಯನ, ದೇವಸ್ಥಾನಗಳ ಊಟದ ವ್ಯಾಪಾರವನ್ನು ಗಟ್ಟಿ ಮಾಡಿಕೊಳ್ಳಿ.

ಪಕ್ಕದ ಮಳಿಗೆಯವರು ಬೆಲೆ ಇಳಿಸಿದರೆಂದು ನೀವೂ ಇಳಿಸಬಾರದು. ಬಿಡಿಸಿದ ಹಲಸು, ಒತ್ತಿದ ಹಪ್ಪಳ, ಒಣಗಿಸಲು ಕಾಯ್ದ ಬಿಸಿಲು ಎಲ್ಲಕ್ಕೂ ಹೆಂಗಸರ ಕೂಲಿ ಇದೆ; ಆ ಕೂಲಿ ಬಿಟ್ಟು ಬೆಲೆ ಕಟ್ಟುವ ಚಾಳಿ ನಮ್ಮಲ್ಲಿ ಈಗಾಗಲೇ ಸಾಕಷ್ಟಿದೆ. ಚೌಕಾಸಿ ಮಾಡುವವರಿಗೆ ಸಣ್ಣ ಪೊಟ್ಟಣ ತೋರಿಸಿ.

ಕೊನೆಯ ದಿನ ಮಧ್ಯಾಹ್ನವೇ ಗಂಟುಮೂಟೆ ಕಟ್ಟಬಾರದು. ಅಂಗಡಿಯವರು, ಸಗಟು ಕೊಳ್ಳುವವರು ಸಮಾಧಾನವಾಗಿ ಮಾತಾಡಲು ಬರುವುದು ಜನಸಂದಣಿ ಇಳಿದ ಮೇಲೆಯೇ.

ಮೇಳ ಮುಗಿದ ಮೇಲೆ

ಪುಸ್ತಕದಲ್ಲಿ ನಾಲ್ಕು ಕಲಂ ಇರಲಿ: ಹೆಸರು, ಊರು ಮತ್ತು ಫೋನು, ಅವರು ಕೇಳಿದ್ದು, ನಾವು ಒಪ್ಪಿದ್ದು. ಕೇಳಿಯೇ ಬರೆದುಕೊಳ್ಳಿ; ಬೇಡ ಎಂದವರನ್ನು ಒತ್ತಾಯಿಸಬೇಡಿ, ಆ ನಂಬರನ್ನು ಬೇರೆಯವರಿಗೂ ಕೊಡಬೇಡಿ. ಒಪ್ಪಿದ ಸರಕನ್ನು ವಾರದೊಳಗೆ ಅಂಚೆಗೆ ಹಾಕಿ. ತಡವಾಗುವುದಿದ್ದರೆ ಅವರು ಕೇಳುವ ಮೊದಲೇ ಫೋನ್ ಮಾಡಿ ತಿಳಿಸಿ. ಬದಿಗಿಟ್ಟ 1,500 ರೂಪಾಯಿ ಇದಕ್ಕೇ.

ಈ ಬಾರಿ ಮಳಿಗೆ ಹಾಕುವವರು ಒಬ್ಬೊಬ್ಬರೇ ಹೋಗುವ ಬದಲು ಅಕ್ಕಪಕ್ಕದ ಊರಿನ ಇಬ್ಬರು ಮೂವರು ಸೇರಿ ಒಂದೇ ಮಳಿಗೆ ಹಿಡಿಯಿರಿ. ಬಾಡಿಗೆ ಹಂಚಿಹೋಗುತ್ತದೆ. ಒಬ್ಬರು ಕೆಲಸ ಮಾಡಿ ತೋರಿಸುವಾಗ ಇನ್ನೊಬ್ಬರು ಮಾತಾಡಬಹುದು, ಮತ್ತೊಬ್ಬರು ಪುಸ್ತಕ ಹಿಡಿಯಬಹುದು. ಯಾರ ಜೊತೆ ಹೋಗುವುದು ಎಂಬುದನ್ನು ಈ ವಾರವೇ ಕುಳಿತು ತೀರ್ಮಾನಿಸಿ.