ಮಧುಮೇಹಿಯ ತಟ್ಟೆ: ರೊಟ್ಟಿ ಎಷ್ಟು, ಪಲ್ಯ ಎಷ್ಟು?

ಮಧುಮೇಹವಿದೆಯೆಂದು ವೈದ್ಯರು ತಿಳಿಸಿದ ದಿನದಿಂದ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬದಲಾವಣೆಗಳಾಗುತ್ತವೆ. ಚಹಾಕ್ಕೆ ಸಕ್ಕರೆ ಹಾಕುವುದು ನಿಲ್ಲುತ್ತದೆ. ಅನ್ನದ ಬದಲು ಜೋಳದ ರೊಟ್ಟಿಯೋ ರಾಗಿಮುದ್ದೆಯೋ ತಟ್ಟೆಗೆ ಬರುತ್ತದೆ. ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೂ ಮೂರು ತಿಂಗಳ ನಂತರ ರಕ್ತ ಪರೀಕ್ಷಿಸಿದಾಗ ಸಕ್ಕರೆಯ ಪ್ರಮಾಣ ನಿರೀಕ್ಷಿಸಿದಷ್ಟು ಇಳಿದಿರುವುದಿಲ್ಲ. "ಸಿಹಿ ಮುಟ್ಟಿಲ್ಲ, ಅನ್ನವನ್ನೂ ಬಿಟ್ಟಿದ್ದೇನೆ; ಮತ್ತೇಕೆ ಹೀಗೆ?" ಎಂದು ಕೇಳುವವರು ಅನೇಕರು. ಬಹಳಷ್ಟು ಸಲ ಇದಕ್ಕೆ ಉತ್ತರವಿರುವುದು ರೊಟ್ಟಿಗಳ ಸಂಖ್ಯೆಯಲ್ಲಿ, ಮುದ್ದೆಯ ಗಾತ್ರದಲ್ಲಿ.

ನಾಲಿಗೆಗೆ ಸಿಹಿಯಲ್ಲದ ಸಕ್ಕರೆ

ನಾವು ಉಣ್ಣುವ ಆಹಾರದಲ್ಲಿ ಶಕ್ತಿ ಕೊಡುವ ಮುಖ್ಯ ಅಂಶಗಳು ಮೂರು: ಶರ್ಕರಪಿಷ್ಟ, ಪ್ರೋಟೀನ್ ಮತ್ತು ಕೊಬ್ಬು. ವೈದ್ಯರು ಕಾರ್ಬೋಹೈಡ್ರೇಟ್ ಎಂದು ಹೇಳುವುದು ಶರ್ಕರಪಿಷ್ಟವನ್ನೇ. ಅಕ್ಕಿ, ಗೋಧಿ, ಜೋಳ, ರಾಗಿಗಳಲ್ಲಿರುವ ಪಿಷ್ಟವು ಗ್ಲೂಕೋಸ್ ಕಣಗಳನ್ನು ಸರಪಳಿಯಂತೆ ಪೋಣಿಸಿದ ವಸ್ತು. ಜೀರ್ಣವಾಗುವಾಗ ಆ ಸರಪಳಿ ಬಿಡಿಬಿಡಿಯಾಗಿ ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ. ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಈ ಗ್ಲೂಕೋಸನ್ನು ಜೀವಕೋಶಗಳೊಳಗೆ ಸಾಗಿಸುತ್ತದೆ. ಮಧುಮೇಹಿಗಳಲ್ಲಿ ಇನ್ಸುಲಿನ್ ಸಾಲದಾಗುತ್ತದೆ, ಇಲ್ಲವೇ ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಗ್ಲೂಕೋಸ್ ರಕ್ತದಲ್ಲಿಯೇ ಉಳಿಯುತ್ತದೆ. ವರ್ಷಾನುಗಟ್ಟಲೆ ಹೀಗಾದರೆ ಕಣ್ಣು, ಮೂತ್ರಪಿಂಡ, ನರ ಹಾಗೂ ಹೃದಯದ ರಕ್ತನಾಳಗಳು ಹಾನಿಗೊಳ್ಳುತ್ತವೆ.

ಊಟದ ನಂತರ ರಕ್ತದ ಸಕ್ಕರೆಯನ್ನು ಅತಿ ಬೇಗ, ಅತಿ ಹೆಚ್ಚು ಏರಿಸುವುದು ಶರ್ಕರಪಿಷ್ಟ. ಆದ್ದರಿಂದ ಒಂದು ಊಟದಲ್ಲಿ ಅದು ಎಷ್ಟಿದೆ ಎಂಬುದನ್ನು ತಿಳಿಯುವುದೇ ಪಥ್ಯದ ಮೊದಲ ಪಾಠ.

ಧಾನ್ಯಗಳ ಲೆಕ್ಕ

ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದೆ. ಅಷ್ಟೇ ತೂಕದ ಜೋಳದಲ್ಲಿಯೂ ರಾಗಿಯಲ್ಲಿಯೂ ಅದು ಸುಮಾರು 67 ಗ್ರಾಂ. ಇವುಗಳ ಅಂತರ ನಾವು ಭಾವಿಸಿದಷ್ಟು ದೊಡ್ಡದಲ್ಲ. ನಿಜವಾದ ಹೆಚ್ಚಳವಿರುವುದು ನಾರಿನಲ್ಲಿ: ಅಕ್ಕಿಯಲ್ಲಿ ಸುಮಾರು 3 ಗ್ರಾಂ ನಾರಿದ್ದರೆ ಜೋಳದಲ್ಲಿ 10, ರಾಗಿಯಲ್ಲಿ 11 ಗ್ರಾಂ ಇದೆ. ನಾರು ಹೊಟ್ಟೆ ತುಂಬಿದ ತೃಪ್ತಿಯನ್ನು ಕೊಡುತ್ತದೆ. ಆದುದರಿಂದ ಜೋಳ, ರಾಗಿಗಳು ಉತ್ತಮ ಧಾನ್ಯಗಳು ನಿಜ. ಆದರೆ ಎಷ್ಟು ತಿಂದರೂ ನಡೆದೀತೆಂಬುದು ತಪ್ಪು ತಿಳಿವಳಿಕೆ.

ಒಂದು ಉದಾಹರಣೆ ನೋಡೋಣ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಸುಮಾರು 34 ಗ್ರಾಂ ಶರ್ಕರಪಿಷ್ಟವಿರುತ್ತದೆ. ಮೂರು ರೊಟ್ಟಿ ಉಂಡು, ಮೇಲೆ 150 ಗ್ರಾಂ ಅನ್ನ ಬಡಿಸಿಕೊಂಡರೆ ಅನ್ನದ 40 ಗ್ರಾಂ ಸೇರಿ ಧಾನ್ಯದಿಂದಲೇ 142 ಗ್ರಾಂ ಆಗುತ್ತದೆ. ಇದರ ಬದಲು ಒಂದು ರೊಟ್ಟಿ ಹಾಗೂ ಅರ್ಧದಷ್ಟು ಅನ್ನ ತೆಗೆದುಕೊಂಡರೆ ಧಾನ್ಯದ ಪಾಲು 54 ಗ್ರಾಂಗೆ ಇಳಿಯುತ್ತದೆ. ಒಂದು ಬಟ್ಟಲು ಕಾಳಿನ ಪಲ್ಯದಿಂದ ಸುಮಾರು 15 ಗ್ರಾಂ ಸೇರಿದರೂ ಒಟ್ಟು ಮೊದಲಿನ ಅರ್ಧದಷ್ಟಾಗುತ್ತದೆ. ಮಾತ್ರೆ ಬದಲಾಗದೆ, ಅಡುಗೆ ಬದಲಾಗದೆ, ಬಡಿಸುವ ಪ್ರಮಾಣವೊಂದೇ ಬದಲಾದುದರ ಫಲವಿದು.

ಬೆಳಗಿನ ಉಪಾಹಾರದಲ್ಲಿಯೂ ಈ ಎಚ್ಚರ ಬೇಕು. ಉಪ್ಪಿಟ್ಟು, ಅವಲಕ್ಕಿ, ಚುರುಮುರಿ, ದೋಸೆ ಎಲ್ಲವೂ ಮುಖ್ಯವಾಗಿ ಧಾನ್ಯವೇ. ಬೆಲ್ಲ ಮತ್ತು ಜೇನುತುಪ್ಪಗಳು ಸಕ್ಕರೆಗಿಂತ ಸಾತ್ವಿಕವೆಂಬ ನಂಬಿಕೆಯಿದೆ; ರಕ್ತದ ಸಕ್ಕರೆಯ ಮಟ್ಟಿಗೆ ಅವು ಸಕ್ಕರೆಯ ಬಂಧುಗಳೇ. ಹಣ್ಣಿನ ರಸವನ್ನು ಬಿಟ್ಟು, ಪೇರಲ, ಪಪ್ಪಾಯಿಯಂತಹ ಇಡೀ ಹಣ್ಣನ್ನು ಮಿತವಾಗಿ ತಿನ್ನುವುದು ಲೇಸು.

ನಮ್ಮ ನಾಡಿನ ಸ್ಥಿತಿ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಅದೇ ಅಧ್ಯಯನದ ಆಹಾರಕ್ರಮದ ವಿಶ್ಲೇಷಣೆಯಲ್ಲಿ, ಭಾರತೀಯರು ದಿನದ ಶಕ್ತಿಯ ಶೇ. 62ರಷ್ಟನ್ನು ಶರ್ಕರಪಿಷ್ಟದಿಂದಲೇ ಪಡೆಯುತ್ತಿರುವುದು ಕಂಡುಬಂದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯು, ಧಾನ್ಯಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 45ನ್ನು ಮೀರಬಾರದೆಂದು ಹೇಳುತ್ತದೆ. ಇದು ಆರೋಗ್ಯವಂತರಿಗೂ ಅನ್ವಯಿಸುವ ಮಾತು.

ತಟ್ಟೆಯನ್ನು ನಾಲ್ಕು ಪಾಲು ಮಾಡಿ

ಪ್ರತಿದಿನ ತಕ್ಕಡಿ ಹಿಡಿದು ಕೂರುವುದು ಎಲ್ಲರಿಂದಲೂ ಆಗದು. ತಟ್ಟೆಯನ್ನು ಮನಸ್ಸಿನಲ್ಲಿಯೇ ನಾಲ್ಕು ಪಾಲು ಮಾಡಿಕೊಳ್ಳಿ.

1. ಎರಡು ಪಾಲು ಸೊಪ್ಪು, ತರಕಾರಿ: ಮೆಂತ್ಯ, ರಾಜಗಿರಿ, ಪುಂಡಿ, ಹೀರೆ, ಬೆಂಡೆ, ಬದನೆ, ಹಸಿ ಸೌತೆ, ಮೂಲಂಗಿ. ಆಲೂಗಡ್ಡೆ, ಗೆಣಸುಗಳನ್ನು ಧಾನ್ಯದ ಲೆಕ್ಕಕ್ಕೆ ಸೇರಿಸಿ.

2. ಒಂದು ಪಾಲು ಪ್ರೋಟೀನ್: ಮೊಳಕೆ ಹೆಸರು, ಮಡಕಿ, ಹುರುಳಿ, ಗಟ್ಟಿ ಬೇಳೆ, ಝುಣಕ, ಪನೀರ್. ಜೊತೆಗೆ ಮೊಸರು, ಸ್ವಲ್ಪ ಶೇಂಗಾ, ಅಗಸೆ ಅಥವಾ ಗುರೆಳ್ಳಿನ ಚಟ್ನಿ. ಸಸ್ಯಾಹಾರಿಗಳು ಧಾನ್ಯ ಕಡಿಮೆ ಮಾಡುವಾಗ ಈ ಪಾಲನ್ನು ಹೆಚ್ಚಿಸದಿದ್ದರೆ ಹಸಿವು, ನಿಶ್ಶಕ್ತಿ ಕಾಡುತ್ತವೆ. ಪಥ್ಯ ನಾಲ್ಕು ದಿನಕ್ಕೇ ಮುರಿಯುತ್ತದೆ.

3. ಉಳಿದ ಒಂದು ಪಾಲು ಧಾನ್ಯ: ರೊಟ್ಟಿ, ಮುದ್ದೆ, ಅನ್ನ, ಯಾವುದಾದರೂ ಸರಿ. ಎಲ್ಲ ಸೇರಿ ಒಂದೇ ಪಾಲು.

ಊಟದ ಕ್ರಮವೂ ಮುಖ್ಯ. ಮೊದಲು ತರಕಾರಿ ಮತ್ತು ಕಾಳು, ಕೊನೆಯಲ್ಲಿ ಧಾನ್ಯ ಉಂಡರೆ ಸಕ್ಕರೆಯ ಏರಿಕೆ ತಗ್ಗುತ್ತದೆ. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದಾಡಿದರೆ ಇನ್ನಷ್ಟು ಅನುಕೂಲ.

ಪ್ರಸಾದ ಮತ್ತು ಉಪವಾಸ

ದಾಸೋಹದಲ್ಲಿ ಹುಗ್ಗಿಯೋ ಸಜ್ಜಕವೋ ಇದ್ದೇ ಇರುತ್ತದೆ. ಪ್ರಸಾದವನ್ನು ನಿರಾಕರಿಸಲು ಮನಸ್ಸು ಬಾರದು. ಬಡಿಸಿಕೊಂಡು ಚೆಲ್ಲುವುದು ಸಲ್ಲದು. ಬಡಿಸುವ ಮೊದಲೇ "ಒಂದು ಚಮಚ ಸಾಕು" ಎಂದು ಕೈಮುಗಿದು ಹೇಳುವುದರಿಂದ ಭಕ್ತಿಗೂ ಆರೋಗ್ಯಕ್ಕೂ ಕುಂದಿಲ್ಲ. ಬಡಿಸುವವರೂ ಒತ್ತಾಯ ಮಾಡಬಾರದು. ಅಂದು ಅನ್ನವನ್ನು ಕಡಿಮೆ ಮಾಡಿ. ಉಪವಾಸದ ದಿನ ತಿನ್ನುವ ಸಾಬೂದಾಣಿ ಬಹುತೇಕ ಪಿಷ್ಟವೇ ಎಂಬುದು ನೆನಪಿರಲಿ.

ವೈದ್ಯರಿಗೆ ತಿಳಿಸದೆ ಮಾಡಬೇಡಿ

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಹಠಾತ್ತನೆ ಧಾನ್ಯ ಕಡಿಮೆ ಮಾಡಿದರೆ ಅಥವಾ ಉಪವಾಸ ಮಾಡಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಔಷಧಿಯ ಪ್ರಮಾಣವನ್ನು ವೈದ್ಯರು ಮೊದಲೇ ಹೊಂದಿಸಬೇಕಾಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆ ಸೇವಿಸುವವರು ಧಾನ್ಯವನ್ನು ತೀರ ಬಿಟ್ಟರೆ, ಸಕ್ಕರೆ ಹೆಚ್ಚಿರದಿದ್ದರೂ ರಕ್ತ ಆಮ್ಲೀಯವಾಗುವ ಗಂಭೀರ ತೊಂದರೆ ಬರಬಹುದು. ಗರ್ಭಿಣಿಯರು ಮತ್ತು ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರ ಸಲಹೆಯಿಲ್ಲದೆ ಆಹಾರಕ್ರಮ ಬದಲಿಸಬಾರದು. ಬಾಲ್ಯದಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುವ ಒಂದನೆಯ ಬಗೆಯ ಮಧುಮೇಹದಲ್ಲಿ ಯಾವ ಪಥ್ಯವೂ ಇನ್ಸುಲಿನ್‌ಗೆ ಬದಲಿಯಲ್ಲ. ಅದನ್ನು ನಿಲ್ಲಿಸಿದರೆ ಪ್ರಾಣಾಪಾಯ.

ನಡುಕ, ಬೆವರು, ಎದೆಬಡಿತ, ಮಂಕು ಇವು ಸಕ್ಕರೆ ಕುಸಿದುದರ ಲಕ್ಷಣಗಳು. 70 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ತಕ್ಷಣ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು; 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಆ ಹೊತ್ತಿನಲ್ಲಿ ಸಕ್ಕರೆಯೇ ಔಷಧಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿ.

ಫಲವನ್ನು ಅಳೆಯಿರಿ

ಹೆಚ್ಚಿನ ಮಧುಮೇಹಿಗಳಿಗೆ ಊಟಕ್ಕೆ ಮೊದಲು 80ರಿಂದ 130, ಊಟ ಆರಂಭಿಸಿದ ಎರಡು ಗಂಟೆಗೆ 180ಕ್ಕಿಂತ ಕಡಿಮೆ, ಮೂರು ತಿಂಗಳ ಸರಾಸರಿ ತೋರುವ ಎಚ್‌ಬಿಎ1ಸಿ ಶೇ. 7ಕ್ಕಿಂತ ಕಡಿಮೆ ಇರುವುದು ಗುರಿ. ವಯೋವೃದ್ಧರಿಗೆ ವೈದ್ಯರು ಇದನ್ನು ಸಡಿಲಿಸಬಹುದು. ಒಂದು ದಿನ ಮೂರು ರೊಟ್ಟಿ, ಇನ್ನೊಂದು ದಿನ ಒಂದೂವರೆ ರೊಟ್ಟಿ ಉಂಡು ಎರಡು ಗಂಟೆಯ ನಂತರದ ಅಂಕಿಯನ್ನು ಬರೆದಿಡಿ. ನಿಮ್ಮ ದೇಹಕ್ಕೆ ಎಷ್ಟು ಹಿಡಿಸುತ್ತದೆಂಬುದನ್ನು ಆ ಅಂಕಿಯೇ ಹೇಳುತ್ತದೆ.

ಮಧುಮೇಹಿಗೆಂದು ಬೇರೆ ಅಡುಗೆ ಬೇಕಾಗಿಲ್ಲ. ಕಾಳು, ಸೊಪ್ಪು ಹೆಚ್ಚಾಗಿ, ಧಾನ್ಯ ಮಿತವಾಗಿರುವ ಊಟವನ್ನು ಮನೆಮಂದಿಯೆಲ್ಲ ಒಟ್ಟಿಗೆ ಉಂಡರೆ ರೋಗಿಗೆ ಪಥ್ಯ ಹೊರೆಯೆನಿಸದು. ಮಕ್ಕಳಿಗೆ ಮುಂದೆ ಈ ರೋಗ ಬರುವ ಸಾಧ್ಯತೆಯೂ ತಗ್ಗುತ್ತದೆ.