ಆ ನಾಲ್ಕು ತಿಂಗಳು ಕಾಯುತ್ತ ಕೂರಬೇಡಿ

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಟಿ.ವಿ.ಯಲ್ಲಿ ಜಾಹೀರಾತು ಬಂದರೆ ಓಡಿ ಬರುತ್ತಾನೆ. ಮೊದಲು ‘ಅವ್ವ’, ‘ನೀರು’ ಅನ್ನುತ್ತಿದ್ದ, ಈಗ ಅದೂ ನಿಂತಿದೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಗೆ ನಾಲ್ಕು ತಿಂಗಳ ನಂತರದ ದಿನ ಕೊಟ್ಟಿದ್ದಾರೆ. ‘ಇವರಪ್ಪನೂ ತಡವಾಗೇ ಮಾತಾಡಿದ್ದು, ಬಿಡು’ ಅನ್ನುತ್ತಾರೆ ಅತ್ತೆ. ಏನು ಮಾಡಲಿ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ತಡವಾಗಿ ಮಾತು ಕಲಿಯುವ ಮಕ್ಕಳಿದ್ದಾರೆ ತಾಯಿ, ಅತ್ತೆಯವರ ಮಾತು ಪೂರ್ತಿ ತಪ್ಪಲ್ಲ. ಆದರೆ ಬಂದ ಮಾತು ಹೋಗುವುದೇ ಬೇರೆ. ಅದನ್ನು ಯಾವ ವಯಸ್ಸಿನಲ್ಲೂ ‘ನೋಡೋಣ’ ಎಂದು ಬಿಡುವಂತಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಇದನ್ನೇ ಒತ್ತಿ ಹೇಳಿ. ಯಾರಾದರೂ ಬಾರದೆ ದಿನ ಖಾಲಿಯಾದರೆ ಕರೆಯಿರಿ ಎಂದು ಕೇಳಿ.

ನೀವು ಹೇಳಿದ ಲಕ್ಷಣಗಳಿದ್ದರೆ ಆಟಿಸಂ ಇದೆಯೇ ಎಂದು ನೋಡಬೇಕಾಗುತ್ತದೆ. ಅದು ಇದೆಯೋ ಇಲ್ಲವೋ ಹೇಳಲು ರಕ್ತಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ಮಗು ಆಡುವುದನ್ನು ಗಮನಿಸಬೇಕು, ಹುಟ್ಟಿದಂದಿನಿಂದ ಏನೇನಾಯಿತು ಎಂದು ಹೆತ್ತವರನ್ನು ಕೇಳಬೇಕು. ಅದಕ್ಕೆ ಗಂಟೆಗಟ್ಟಲೆ ಬೇಕು, ಕಲಿತವರೋ ಕೆಲವೇ ಊರುಗಳಲ್ಲಿ. ಸರದಿ ಬೆಳೆಯುವುದು ಹೀಗೆ. ಮಿದುಳು ಇಷ್ಟು ವೇಗವಾಗಿ ಬೆಳೆಯುವ ವಯಸ್ಸಿನಲ್ಲಿ ನಾಲ್ಕು ತಿಂಗಳು ಹೋಗುವುದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಆದರೆ ತರಬೇತಿ ಶುರುಮಾಡಲು ಕಾಯಿಲೆಯ ಹೆಸರು ಬೇಕಿಲ್ಲ. ಮೊದಲು ಕಿವಿ. ಟಿ.ವಿ. ಸದ್ದಿಗೆ ಬರುತ್ತಾನಲ್ಲ ಎಂದು ನೆಚ್ಚಬೇಡಿ. ಕೆಲವು ಸದ್ದು ಕೇಳಿಸಿ ಕೆಲವು ಕೇಳಿಸದ ಮಕ್ಕಳೂ ಇದ್ದಾರೆ. ಮಗು ಮಲಗಿದ್ದಾಗ ಮಾಡುವ ‘ಬೆರಾ’ ಎಂಬ ಕಿವಿ ಪರೀಕ್ಷೆ ಈ ಅನುಮಾನ ತೀರಿಸುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ‘ಡಿಇಐಸಿ’ ಎಲ್ಲಿ ಎಂದು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, 18 ವರ್ಷದವರೆಗಿನ ಮಕ್ಕಳ ತಪಾಸಣೆ, ತರಬೇತಿಗಾಗಿ ಇರುವ ಉಚಿತ ಕೇಂದ್ರವದು. ದಾರಿ ಗೊತ್ತಾಗದಿದ್ದರೆ ನಿಮ್ಮೂರ ಅಂಗನವಾಡಿ ಟೀಚರ್ ಹೇಳುತ್ತಾರೆ. ಆ ಕಾರ್ಯಕ್ರಮದ ವೈದ್ಯರ ತಂಡ ಅಲ್ಲಿಗೇ ಬರುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ನಿಮಗೆ ಬೆಂಗಳೂರಿಗಿಂತ ಹತ್ತಿರ.

ಮನೆಯಲ್ಲಿ ಟಿ.ವಿ., ಮೊಬೈಲ್ ಬಂದ್ ಮಾಡಿ. ಅವನ ಎದುರು ನೆಲದ ಮೇಲೆ ಕೂತು, ಅವನು ಆಡುವುದನ್ನೇ ನೀವೂ ಆಡಿ. ನೀರಿನ ಲೋಟ ತಕ್ಷಣ ಕೈಗಿಡಬೇಡಿ. ‘ನೀರು’ ಎಂದು ಹೇಳಿ ತುಸು ತಡೆಯಿರಿ. ಒಂದು ನೋಟ, ಚಾಚಿದ ಒಂದು ಕೈ, ಅಷ್ಟಾದರೂ ಸಾಕು, ಆಗ ಕೊಡಿ. ದಿನಕ್ಕೆ ಹತ್ತಾರು ಸಲ ಹೀಗೆ. ಅವನು ಆಡುವಾಗ, ಉಣ್ಣುವಾಗ, ಕರೆದಾಗ ಎರಡೆರಡು ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ. ಹೊಸ ಕೋಣೆಯಲ್ಲಿ ಬೆದರಿ ಕೂತ ಮಗು ತೋರಿಸದ್ದನ್ನು ಅದು ತೋರಿಸುತ್ತದೆ.

ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಆಟಿಸಂ ವಾಸಿ ಎಂದು ಯಾರಾದರೂ ಹೇಳಿದರೆ ಹಣ ಕೊಡಬೇಡಿ, ಅದಕ್ಕೆ ಆಧಾರವಿಲ್ಲ. ರಾತ್ರಿ ನಿಮಗೇ ನಿದ್ದೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಕಿವಿ ಪರೀಕ್ಷೆಯ ವರದಿ ಬಂದ ಕೂಡಲೇ ನನಗೆ ಬರೆಯಿರಿ.